ನಾಲ್ಕು ಬೆಡ್‌ಶೀಟ್ ಉದ್ದದ ಶಿಳ್ಳೆ

ಆಸ್ಪತ್ರೆಯ ಹಿಂಭಾಗದಲ್ಲಿ, ಗೋಡೆಯುದ್ದಕ್ಕೂ ಬಿಸಿನೀರಿನ ಪೈಪುಗಳು ಓಡುವ ಒಂದು ಉದ್ದನೆಯ ಕೋಣೆ. ವಾರ್ಡುಗಳ ಬೆಡ್‌ಶೀಟು, ದಿಂಬಿನ ಕವರು, ಡಾಕ್ಟರುಗಳ ಬಿಳಿ ಕೋಟು ಎಲ್ಲ ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು, ಮತ್ತೆ ಮರ್ಯಾದಸ್ಥರಾಗಿ ಹೊರಬೀಳುವುದು ಅಲ್ಲಿಂದಲೇ. ಆ ಕೋಣೆಯ ದೊಡ್ಡ ಇಸ್ತ್ರಿ ಯಂತ್ರದ ಮುಂದೆ ಇಪ್ಪತ್ತಾರು ವರ್ಷದಿಂದ ನಿಂತವಳನ್ನು ಎಲ್ಲರೂ ಇಸ್ತ್ರಿಯಕ್ಕ ಅಂತಲೇ ಕರೆಯುತ್ತಿದ್ದರು. ವಯಸ್ಸು ಐವತ್ನಾಲ್ಕು. ಸಣ್ಣ ಆಳು, ದೊಡ್ಡ ನಗು.

ಯಂತ್ರಕ್ಕೆ ಎರಡು ಕಾದ ಉರುಳೆಗಳು. ಈಚೆಯಿಂದ ಇಸ್ತ್ರಿಯಕ್ಕ ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು, ಒಮ್ಮೆ ಕೊಡವಿ, ಸುಕ್ಕಿಲ್ಲದಂತೆ ಉರುಳೆಯ ಬಾಯಿಗೆ ಕೊಡಬೇಕು. ಆಚೆಯಿಂದ ಇನ್ನೊಬ್ಬಳು ಗರಿಗರಿಯಾಗಿ ಬಂದದ್ದನ್ನು ಹಿಡಿದು ಮಡಿಸಬೇಕು. ಅವಳ ಹೆಸರು ಆಚೆಯವಳು ಎಂದೇ ಆಗಿಹೋಗಿತ್ತು. ಯಂತ್ರ ‘ಗಡಗಡ ಧಸ್, ಗಡಗಡ ಧಸ್’ ಎನ್ನುತ್ತಿತ್ತು. ಒಂದು ಬೆಡ್‌ಶೀಟು ಈಚೆಯಿಂದ ಆಚೆ ಹೋಗಲು ಸರಿಯಾಗಿ ಹದಿನಾರು ಧಸ್. ದಿಂಬಿನ ಕವರಿಗೆ ಆರು.

ಆ ಧಸ್‌ಗಳ ಮೇಲೆ ಇಸ್ತ್ರಿಯಕ್ಕ ಶಿಳ್ಳೆ ಹೊಡೆಯುತ್ತಿದ್ದಳು. ಯಾರದೋ ಹಾಡಲ್ಲ, ಅವಳದೇ. ಇಷ್ಟಿಷ್ಟೇ ಕೂಡಿಸುತ್ತ ಕೂಡಿಸುತ್ತ ಅದು ನಾಲ್ಕು ಬೆಡ್‌ಶೀಟ್, ಒಂದು ದಿಂಬಿನ ಕವರಿನಷ್ಟು ಉದ್ದವಾಗಿತ್ತು. ಯಂತ್ರದ ಗದ್ದಲದಲ್ಲಿ ತನಗೇ ಸರಿಯಾಗಿ ಕೇಳಿಸದು, ಇನ್ನು ಲೋಕಕ್ಕೆ ಎಲ್ಲಿ ಕೇಳಿಸೀತು ಎಂಬ ಧೈರ್ಯ ಅವಳಿಗೆ.

ಆದರೆ ಪೈಪುಗಳಿಗೆ ಕಿವಿಯಿತ್ತು. ಅವು ಗೋಡೆ ತೂರಿ ಪಕ್ಕದ ಎಕ್ಸ್‌ರೇ ಕೋಣೆಗೆ ಹೋಗುತ್ತಿದ್ದವು. ಒಂದು ದಿನ ಎಕ್ಸ್‌ರೇ ತೆಗೆಯುವವರು ಕೈಯಲ್ಲಿ ಒಂದು ಫಿಲಂ ಹಿಡಿದು ಧುಮುಧುಮು ಬಂದೇಬಿಟ್ಟರು.

“ಯಾರ್ರೀ ಇಲ್ಲಿ ಶಿಳ್ಳೆ ಹೊಡೆಯೋರು?”

ಇಸ್ತ್ರಿಯಕ್ಕ ಪೈಪಿನ ಕಡೆ ಕೈ ತೋರಿಸಿದಳು. “ಬಿಸಿನೀರು ಸಾರ್. ಹಾಗೇ ಒಂಥರಾ ಸದ್ದು ಮಾಡುತ್ತೆ.”

“ಬಿಸಿನೀರಿಗೆ ರಾಗ ಬೇರೆ ಗೊತ್ತಾ?” ಫಿಲಮ್ಮನ್ನು ಬೆಳಕಿಗೆ ಹಿಡಿದರು. “ನೋಡಿ ಇಲ್ಲಿ. ಇದು ಒಬ್ಬ ಅಜ್ಜನ ಪಾದ. ಐದು ಬೆರಳು ಇರಬೇಕಾದ ಕಡೆ ಹದಿನೈದು ಬಂದಿದೆ. ಅಲ್ಲಾಡಬೇಡಿ ಅಂತ ಬಾಯಿ ನೋಯೋ ತನಕ ಹೇಳಿದೆ. ಅಜ್ಜ ತಾಳ ಹಾಕ್ತಾನೇ ಇದ್ದ! ಮೂರು ಸಲ ತೆಗೆದೆ. ಮೂರನೇ ಸಲ ನನ್ನ ಕಾಲೂ ಅಲ್ಲಾಡ್ತಿತ್ತು.”

ಆಚೆಯವಳು ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಇಸ್ತ್ರಿಯಕ್ಕ ನಕ್ಕಳು. ಬೈಯಲು ಬಂದವರೂ ನಕ್ಕರು. ಮರುವಾರ ಅವರು ಗಿಟಾರ್ ಹಿಡಿದುಕೊಂಡು ಬಂದರು. ಆಸ್ಪತ್ರೆ ಶುರುವಾಗಿ ಐವತ್ತು ವರ್ಷ ತುಂಬುತ್ತಿತ್ತು. ದೊಡ್ಡ ಸಭಾಂಗಣದಲ್ಲಿ ಮಧ್ಯಾಹ್ನ ಸಮಾರಂಭ, ಸಿಬ್ಬಂದಿಯದೇ ಸಂಗೀತ. “ನಿಮ್ಮ ಹೆಸರು ಕೊಟ್ಟಾಯ್ತು,” ಎಂದರು. “ಬೇಡ ಅನ್ನೋ ಹಾಗಿಲ್ಲ. ಸೂಪರಿಂಟೆಂಡೆಂಟರು ರುಜು ಹಾಕಿದ್ದಾರೆ.”

ಸಭಾಕಂಪ ಅಂದರೆ ಕೆಲವರಿಗೆ ಕೈ ನಡುಗುತ್ತದೆ, ಕೆಲವರಿಗೆ ನಾಲಿಗೆ ಒಣಗುತ್ತದೆ. ಇಸ್ತ್ರಿಯಕ್ಕನಿಗೆ ನಗು ಬರುತ್ತಿತ್ತು. ಅದೂ ಸಣ್ಣಪುಟ್ಟ ನಗುವಲ್ಲ. ಹೊಟ್ಟೆಯ ಬುಡದಿಂದ ಹೊರಟು, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ತರಿಸಿ, ಆಮೇಲೆ ಬಿಕ್ಕಳಿಕೆಯಲ್ಲಿ ಮುಗಿಯುವಂಥದ್ದು. ಇದರಲ್ಲಿ ಒಂದು ದೊಡ್ಡ ತೊಡಕಿತ್ತು. ನಕ್ಕರೆ ತುಟಿ ಅಗಲವಾಗುತ್ತದೆ. ಶಿಳ್ಳೆಗೆ ತುಟಿ ಗುಂಡಗೆ ಬೇಕು. ಎರಡೂ ಒಟ್ಟಿಗೆ ಯಾವ ಬಾಯಿಯಲ್ಲೂ ಆಗದ ಮಾತು.

ಊಟದ ಬಿಡುವಿನಲ್ಲಿ ಎಕ್ಸ್‌ರೇ ಕೋಣೆಯಲ್ಲೇ ಪಾಠ ಶುರುವಾಯಿತು. ರೋಗಿಗಳು ನಿಲ್ಲುವ ಜಾಗದಲ್ಲೇ ಅವಳನ್ನು ನಿಲ್ಲಿಸಿದರು.

“ಗಲ್ಲ ಮೇಲೆ. ಭುಜ ಸಡಿಲ. ಮೈಕ್ ಮುಂದೆ ಬಂದು ಹಲೋ ಹಲೋ ಅನ್ಬೇಡಿ. ಅದರೊಳಗೆ ಊದ್ಬೇಡಿ.”

“ಊದದೆ ಶಿಳ್ಳೆ ಹೇಗೆ ಹೊಡೀಲಿ ಸಾರ್?”

“ಅಂದ್ರೆ... ಪರೀಕ್ಷೆಗೆ ಊದ್ಬೇಡಿ. ಇನ್ನೊಂದು, ನೆಗಡಿ ಆಗಿದೆ, ತಪ್ಪಾದ್ರೆ ಕ್ಷಮಿಸಿ ಅಂತ ಮೊದಲೇ ಗೋಳು ತೋಡ್ಕೋಬಾರ್ದು. ತಪ್ಪಾದ್ರೆ ನಾಲಿಗೆ ಕಚ್ಕೋಬಾರ್ದು. ತಪ್ಪಾಗಿದ್ದು ನಿಮಗೂ ನನಗೂ ಮಾತ್ರ ಗೊತ್ತು, ಊರಿಗೆಲ್ಲ ಸಾರೋದ್ಯಾಕೆ? ಗುರುತಿರೋ ಮುಖ ನೋಡ್ಲೇಬಾರ್ದು. ಕೊನೇ ಸಾಲಿನ ತಲೆಗಳ ಮೇಲೆ ನೋಡಿ. ಮತ್ತೆ, ಏನೇ ಆಗ್ಲಿ, ಮಧ್ಯದಲ್ಲಿ ನಿಲ್ಲಿಸ್ಬಾರ್ದು.”

“ಬೆಂಕಿ ಬಿದ್ರೆ?”

“ಬೇಗ ಮುಗಿಸ್ಬೇಕು. ಹಾಂ, ಮುಖದಲ್ಲಿ ಯಾವಾಗ್ಲೂ ನಗು ಇರ್ಬೇಕು.”

“ನಕ್ಕರೆ ಶಿಳ್ಳೆ ಬರಲ್ವಲ್ಲ ಸಾರ್.”

ಅವರು ನಂಬಲಿಲ್ಲ. ತಾವೇ ಹಲ್ಲು ಕಿರಿದು ಶಿಳ್ಳೆ ಹೊಡೆಯಲು ನೋಡಿದರು. ಎಂಜಲು ಹಾರಿ ಎಕ್ಸ್‌ರೇ ಯಂತ್ರದ ಗಾಜಿನ ಮೇಲೆ ಬಿತ್ತು. “ಸರಿ, ನಗೋದು ಬೇಡ,” ಎಂದು ಗಾಜು ಒರೆಸಿದರು.

ನಗು ತಡೆಯಲು ಅವರ ಹತ್ತಿರ ಒಂದೇ ಒಂದು ಮದ್ದಿತ್ತು, ಇಪ್ಪತ್ತು ವರ್ಷದಿಂದ ದಿನಕ್ಕೆ ಅರವತ್ತು ಸಲ ಹೇಳಿ ಹೇಳಿ ಸವೆದದ್ದು: “ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡ್ಬೇಡಿ... ಬಿಡಿ.” ಆ ‘ಬಿಡಿ’ ಎಂಬಲ್ಲಿ ಶಿಳ್ಳೆ ಶುರುವಾಗಬೇಕು. ಎದುರಿಗೆ ಅವರೊಬ್ಬರೇ ಇದ್ದಾಗ ಅದು ಕೆಲಸ ಮಾಡುತ್ತಿತ್ತು. ನಾಲ್ಕು ಮಂದಿ ನರ್ಸುಗಳನ್ನು ಎದುರಿಗೆ ಕೂರಿಸಿದರೆ ಮುಗಿಯಿತು, ‘ಬಿಡಿ’ ಅನ್ನುವಷ್ಟರಲ್ಲಿ ನಗುವೇ ಹೊರಬೀಳುತ್ತಿತ್ತು. ಹಲ್ಲುನೋವು ನೆನೆಸಿಕೊಂಡಳು. ತೀರಿಹೋದ ಗಂಡನನ್ನು ನೆನೆಸಿಕೊಂಡಳು; ಆ ಪುಣ್ಯಾತ್ಮ ಬದುಕಿದ್ದಷ್ಟು ದಿನ ನಗಿಸಿದವನು, ನೆನಪಲ್ಲೂ ಅದನ್ನೇ ಮಾಡಿದ.

ಇದೆಲ್ಲ ಹೇಗೋ ಆಗುತ್ತಿತ್ತು. ನಿಜವಾದ ಹೆದರಿಕೆ ಮನೆಯಲ್ಲಿತ್ತು. ಅದಕ್ಕೆ ಎಪ್ಪತ್ತೆಂಟು ವರ್ಷ, ಮಂಡಿನೋವು, ಹದ್ದಿನ ಕಣ್ಣು. ಅವಳ ಅಮ್ಮ.

ಅಮ್ಮ ಬಟ್ಟೆ ಹೊಲಿಯುವವಳಾಗಿದ್ದಳು. ಹೊಲಿಯುವಾಗ ತುಟಿಯ ನಡುವೆ ಸದಾ ಗುಂಡುಸೂಜಿಗಳು. ಆರು ವರ್ಷದ ಮಗಳು ಹೊಲಿಗೆ ಯಂತ್ರದ ಕೆಳಗೆ ಕೂತು ಅಮ್ಮನ ಹಾಗೇ ತುಟಿ ಚೂಪು ಮಾಡಿ, ಇಲ್ಲದ ಸೂಜಿ ಕಚ್ಚಿ ಉಸಿರು ಬಿಟ್ಟಾಗ ‘ಸುಯ್’ ಎಂದಿತ್ತು. ಮೊದಲ ಶಿಳ್ಳೆ ಅದೇ. ಅಮ್ಮ ಬಾಯಿ ತೆರೆಯುವಂತಿರಲಿಲ್ಲ. ಬೆರಳಿಗೆ ಹಾಕಿದ್ದ ಲೋಹದ ಟೋಪಿಯಿಂದ ಮಗಳ ತಲೆಯ ಮೇಲೆ ಟಣ್ಣನೆ ಒಂದು ಕೊಟ್ಟಳು. ಸೂಜಿಗಳನ್ನೆಲ್ಲ ತೆಗೆದಿಟ್ಟ ಮೇಲೆ ಉಳಿದದ್ದನ್ನು ಬಾಯಲ್ಲೂ ಹೇಳಿದಳು: “ಇನ್ನೊಂದ್ಸಲ ಈ ಗಂಡುಬೀರಿ ಕೆಲಸ ಮಾಡಿದ್ರೆ ತುಟಿ ಹೊಲಿದುಬಿಡ್ತೀನಿ.” ಹೊಲಿಯುವ ಅಮ್ಮನ ಬಾಯಲ್ಲಿ ಅದು ಬರೀ ಮಾತಾಗಿ ಕೇಳಿಸಿರಲಿಲ್ಲ. ಅಂದಿನಿಂದ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಮಗಳ ತುಟಿ ತಾನಾಗಿ ಬಿಗಿದುಕೊಳ್ಳುತ್ತಿತ್ತು. ನಲವತ್ತೆಂಟು ವರ್ಷ.

ಸಮಾರಂಭದ ಕಾಗದ ಅಮ್ಮನ ಕೈಗೆ ಸಿಕ್ಕಿತು.

“ಏನಿದು? ನಿನ್ನದೂ ಇದೆಯಂತೆ?”

“ಹೂಂ. ಸುಮ್ನೆ... ಒಂದು ಹಾಡು.”

“ನೀನು ಹಾಡ್ತೀಯಾ? ನಿನ್ನ ಗಂಟಲಿಗೆ ಹಾಲಿನವನೂ ಹೆದರ್ತಾನೆ.”

“ಅದಕ್ಕೇ ನೀನು ಬರ್ಬೇಡ ಅಮ್ಮ. ಅಲ್ಲಿ ಮೆಟ್ಟಿಲು ಜಾಸ್ತಿ.”

“ಮೆಟ್ಟಿಲು ಹತ್ತೋ ಮಂಡಿ ನಂದು, ನಿಂದಲ್ಲ. ಮುಂದಿನ ಸಾಲಲ್ಲೇ ಕೂರ್ತೀನಿ.”

ಆ ರಾತ್ರಿ ಇಸ್ತ್ರಿಯಕ್ಕನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಯಿತು. ಸಾವಿರ ಜನ ನಕ್ಕರೂ ತಾನು ಸೋಮವಾರ ಮತ್ತೆ ಯಂತ್ರದ ಮುಂದೆ ನಿಂತು ಶಿಳ್ಳೆ ಹೊಡೆಯಬಲ್ಲೆ. ಆದರೆ ಅಮ್ಮ ಅಷ್ಟು ಜನರ ಮುಂದೆ ಮುಖ ತಿರುಗಿಸಿ ಎದ್ದು ಹೋದರೆ, ಈ ರಾಗ ಇನ್ನು ತನ್ನ ತುಟಿಗೆ ಬಾರದು.

ಸಮಾರಂಭದ ದಿನ ಪರದೆಯ ಸಂದಿಯಿಂದ ಇಣುಕಿದರೆ ಸಭಾಂಗಣ ಭರ್ತಿ. ಮುಂದಿನ ಸಾಲಿನ ನಟ್ಟನಡುವೆ ಅಮ್ಮ, ತೊಡೆಯ ಮೇಲೆ ಕೈಚೀಲ. ಬಲಗಡೆಯ ಗೋಡೆಯ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ಸಭಾಂಗಣದಲ್ಲಿ ಉಗುಳುವುದು, ಶಿಳ್ಳೆ ಹೊಡೆಯುವುದು ಕಡ್ಡಾಯವಾಗಿ ನಿಷೇಧ.’

“ಸಾರ್, ಅಲ್ಲಿ ನೋಡಿ!”

“ಅದು ಕೆಳಗೆ ಕೂತವರಿಗೆ,” ಎಂದರು ಎಕ್ಸ್‌ರೇಯವರು. ಅವರ ಮುಖವೂ ಒಗೆದ ಬೆಡ್‌ಶೀಟಿನಂತಿತ್ತು. “ನೀವು ಉಗುಳದಿದ್ರೆ ಸಾಕು.”

ಸೂಪರಿಂಟೆಂಡೆಂಟರು ಮೈಕಿನ ಮುಂದೆ ನಿಂತು, “ದಯವಿಟ್ಟು ಯಾರೂ ಶಿಳ್ಳೆ ಹೊಡೆಯಬಾರದು,” ಎಂದು ಗದರಿಸಿ, ಕೈಯಲ್ಲಿದ್ದ ಚೀಟಿ ನೋಡಿ, “ಈಗ ಬಟ್ಟೆ ವಿಭಾಗದವರಿಂದ... ಶಿಳ್ಳೆ,” ಎಂದು ಓದಿದರು.

ಸಭೆ ಘೊಳ್ಳೆಂದಿತು. ಆ ನಗೆಯ ಮಧ್ಯೆಯೇ ಇಸ್ತ್ರಿಯಕ್ಕ ನಡೆದು ಬಂದು, ತಲೆಬಾಗಿ, ಗಲ್ಲ ಎತ್ತಿ ನಿಂತಳು. ಗಿಟಾರ್ ಶುರುವಾಯಿತು. ಅವಳು ತುಟಿ ಗುಂಡಗೆ ಮಾಡಿದಳು. ಮೈಕಿನಿಂದ ‘ಫೂ’ ಎಂದು ಬರೀ ಗಾಳಿ ಬಂತು. ಮತ್ತೆ ಮಾಡಿದಳು. ತುಟಿಯ ಎರಡೂ ತುದಿ ಕಿವಿಯ ಕಡೆ ಓಡಿದವು. ಭುಜ ಕುಲುಕತೊಡಗಿತು. ಗಿಟಾರ್ ಮೊದಲಿಂದ ಶುರುವಾಯಿತು. ಎರಡನೇ ಸಲ. ಮೂರನೇ ಸಲ. ಅಮ್ಮನ ಕಡೆ ನೋಡಬಾರದೆಂದರೂ ಕಣ್ಣು ಅಲ್ಲಿಗೇ ಜಾರಿತು. ಅಮ್ಮನ ಹುಬ್ಬುಗಳು ಒಂದಕ್ಕೊಂದು ಗಂಟು ಹಾಕಿಕೊಂಡಿದ್ದವು.

ಎಕ್ಸ್‌ರೇಯವರಿಗೆ ಬೆವರು. ಮೈಕಿರುವುದು ಮರೆತೇಹೋಗಿ, ಅಭ್ಯಾಸಬಲದಿಂದ, ಗಟ್ಟಿಯಾಗಿಯೇ ಅಂದುಬಿಟ್ಟರು:

“ಉಸಿರು ಎಳ್ಕೊಳ್ಳಿ!”

ಸಭೆಯಲ್ಲಿ ಕೂತ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಆ ದನಿಯ ಮುಂದೆ ಅಂಗಿ ಬಿಚ್ಚಿ ನಿಂತವರೇ. ಸಭಾಂಗಣವೇ ಉಸಿರೆಳೆದುಕೊಂಡಿತು. ಸಾಲುಸಾಲಾಗಿ ಎದೆಗಳು ಮೇಲೆದ್ದವು.

“ಹಿಡ್ಕೊಳ್ಳಿ! ಅಲ್ಲಾಡ್ಬೇಡಿ!”

ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ಸೂಪರಿಂಟೆಂಡೆಂಟರ ಕೆನ್ನೆ ಕೂಡ ಉಬ್ಬಿತ್ತು. ಇಷ್ಟು ಜನ ತನಗೋಸ್ಕರ ಉಸಿರು ಕಟ್ಟಿ ಕೂತದ್ದನ್ನು ಕಂಡು ಇಸ್ತ್ರಿಯಕ್ಕನ ನಗು ದಾರಿತಪ್ಪಿ ಎಲ್ಲೋ ನಿಂತುಬಿಟ್ಟಿತು.

“ಬಿಡಿ!”

ಎಲ್ಲರೂ ಬಿಟ್ಟರು. ಆ ದೊಡ್ಡ ನಿಟ್ಟುಸಿರಿನ ಒಳಗಿಂದ ಒಂದು ಶಿಳ್ಳೆ ಸಣ್ಣ ದಾರದಂತೆ ಹೊರಟಿತು.

ಯಂತ್ರವಿಲ್ಲದೆ ಅವಳು ಅದನ್ನು ಕೇಳಿದ್ದು ಅವತ್ತೇ ಮೊದಲು. ಇಷ್ಟು ಸಾಫಾಗಿದೆಯಾ ಇದು! ಮೊದಲ ಬೆಡ್‌ಶೀಟು ಸುಕ್ಕಿಲ್ಲದೆ ದಾಟಿತು. ಎರಡನೆಯದಕ್ಕೆ ಗಿಟಾರ್ ಧಸ್ ಧಸ್ ಎಂದು ಜೊತೆಗೂಡಿತು. ಪರದೆಯ ಪಕ್ಕದಲ್ಲಿ ಆಚೆಯವಳು ಗಾಳಿಯಲ್ಲೇ ಎರಡು ಮೂಲೆ ಹಿಡಿದು ಮಡಿಸುತ್ತಿದ್ದಳು.

ಮೂರನೆಯದರ ಮಧ್ಯದಲ್ಲಿ ಅಮ್ಮ ಎದ್ದು ನಿಂತಳು.

ಕುರ್ಚಿಯ ಬೆನ್ನು ಹಿಡಿದು, ನಿಧಾನವಾಗಿ, ವೇದಿಕೆಗೆ ಬೆನ್ನು ತಿರುಗಿಸಿದಳು. ಇಸ್ತ್ರಿಯಕ್ಕನ ಕಣ್ಣು ಬಾಗಿಲಿನ ಕಡೆ ಓಡಿತು. ಹೋಗ್ತಾಳೆ. ಹೋಗೇಬಿಟ್ಟಳು. ಏನೇ ಆಗಲಿ ನಿಲ್ಲಿಸಬಾರದು ಎಂಬ ಮಾತೊಂದೇ ತುಟಿಯನ್ನು ಹಿಡಿದು ನಿಲ್ಲಿಸಿತ್ತು. ಶಿಳ್ಳೆ ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ತಾನೇ ಓಡುತ್ತಿತ್ತು.

ಅಮ್ಮ ಹೋಗಲಿಲ್ಲ. ಎರಡನೇ ಸಾಲಿನಲ್ಲಿ ಪಿಸುಪಿಸು ಮಾತಾಡಿ ನಗುತ್ತಿದ್ದ ಇಬ್ಬರು ಟೈ ಕಟ್ಟಿದ ಗಂಡಸರ ಕಡೆ ಬಗ್ಗಿದಳು. ಕಿವಿ ಮಂದವಾದವರಿಗೂ ಕೇಳಿಸುವ ಗಟ್ಟಿ ದನಿ ಅವಳದು, ಮೈಕಿನ ಹಂಗಿಲ್ಲ.

“ಏನ್ರಪ್ಪಾ, ಬಾಯಿಗೆ ಬೀಗ ಇಲ್ವಾ ನಿಮ್ಗೆ? ಅಲ್ಲಿ ನನ್ನ ಮಗಳು ಶಿಳ್ಳೆ ಹೊಡೀತಿದ್ದಾಳೆ!”

ಹೇಳಿ, ತಿರುಗಿ, ಕೈಚೀಲ ಸರಿಮಾಡಿಕೊಂಡು ಕೂತಳು.

ಆಗ ಇಸ್ತ್ರಿಯಕ್ಕನ ನಗು ಹೋದ ದಾರಿಯಿಂದಲೇ ಓಡಿ ಬಂತು. ಮೂರನೇ ಬೆಡ್‌ಶೀಟು ಅರ್ಧಕ್ಕೇ ನಿಂತಿತು. ಎಕ್ಸ್‌ರೇಯವರು ಒಬ್ಬರೇ ಗಿಟಾರಿನಲ್ಲಿ ಅದನ್ನು ಹೇಗೋ ಎಳೆದು ಆಚೆ ದಾಟಿಸಿದರು. ಅವಳು ಕಣ್ಣೊರೆಸಿಕೊಂಡಳು. ಮಧ್ಯದಲ್ಲಿ ನಿಲ್ಲಿಸಬಾರದಿತ್ತು, ಪಾಠದಲ್ಲಿ ಹೇಳಿದ್ದರು. ಒರೆಸಿಕೊಂಡು ಉಸಿರೆಳೆದಳು, ಹೇಳದೆಯೇ ಸಭೆಯೂ ಎಳೆದುಕೊಂಡಿತು. ನಾಲ್ಕನೆಯದು ಶುರುವಾಯಿತು. ಏರಬೇಕಾದ ಕಡೆ ಏರಿತು, ತಿರುಗಬೇಕಾದ ಕಡೆ ತಿರುಗಿತು. ದಿಂಬಿನ ಕವರಿನ ಆರು ಧಸ್‌ಗೆ ಮುಂದಿನ ಸಾಲಿನ ಬೂಟುಗಳೂ ಸೇರಿದವು. ಮುಗಿಯಿತು.

ಚಪ್ಪಾಳೆಯ ನಡುವೆ ಹಿಂದಿನಿಂದ ಯಾರೋ ಉದ್ದಕ್ಕೆ ಶಿಳ್ಳೆ ಹೊಡೆದರು. ಸೂಪರಿಂಟೆಂಡೆಂಟರು ಎದ್ದರು, ಗೋಡೆ ನೋಡಿದರು, ವೇದಿಕೆ ನೋಡಿದರು, ಕೂತರು. ಇಸ್ತ್ರಿಯಕ್ಕ ತಲೆಬಾಗಿ, ಓಡದೆ, ಹೆಜ್ಜೆ ಎಣಿಸಿಕೊಂಡು ಪರದೆಯ ಹಿಂದೆ ಬಂದಳು. ಅಲ್ಲಿ ಆಚೆಯವಳ ಮೇಲೆ ದೊಪ್ಪನೆ ಬಿದ್ದಳು.

ಇಳಿಹೊತ್ತಿನ ಬಿಸಿಲಲ್ಲಿ ತಾಯಿ ಮಗಳು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತರು. ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟು ಮಗಳ ಕಡೆ ತಿರುಗಿದಳು.

“ಹಾಡು ಅಂದಿದ್ದೆ.”

“ಹೂಂ.”

“ಸುಳ್ಳು.”

“ಹೂಂ ಅಮ್ಮ.”

ಅಮ್ಮ ಮಂಡಿ ನೀವಿಕೊಂಡಳು. “ಮೂರನೇದು ಯಾಕೆ ನುಂಗಿದೆ?”

“ಯಾವ ಮೂರನೇದು?”

“ನನ್ನೇ ಕೇಳ್ತೀಯಾ? ಅದು ನಾಲ್ಕು ಸಲ ಬರುತ್ತೆ. ಒಂದೊಂದ್ಸಲಾನೂ ಕೊನೇಲಿ ಬೇರೆ ಥರ ತಿರುಗುತ್ತೆ. ಮೂರನೇದು ಎಲ್ಲಿಗೆ ತಿರುಗ್ತು? ಅರ್ಧಕ್ಕೇ ಬಿಟ್ಟೆ. ಆ ಇಬ್ಬರ ಬಾಯಿ ಮುಚ್ಚಿಸಿದ್ದು ನಾನು, ಪೂರ್ತಿ ಕೇಳೋಕೆ ಸಿಗದೇ ಹೋಗಿದ್ದೂ ನನಗೇನಾ? ಹೊಡಿ.”

“ಇಲ್ಲೇನಾ? ರಸ್ತೇಲಾ?”

“ರಸ್ತೆಗೇನಾಗಿದೆ? ಹೊಡಿ ಅಂದ್ರೆ ಹೊಡಿ.”

ಇಸ್ತ್ರಿಯಕ್ಕ ತುಟಿ ಗುಂಡಗೆ ಮಾಡಿದಳು. ಗುಂಡಗೆ ನಿಲ್ಲಲಿಲ್ಲ. ಬಸ್ಸು ಬಂದು ಬಾಗಿಲು ತೆರೆಯಿತು. ಅಮ್ಮ ಡ್ರೈವರನ ಕಡೆ ಕೈಬೀಸಿದಳು: “ನೀನು ಹೋಗಪ್ಪ, ಇವಳದು ನಗು ಮುಗೀಬೇಕು.” ಅದನ್ನು ಕೇಳಿ ಇನ್ನಷ್ಟು ನಗು. ಬಿಕ್ಕಳಿಕೆ ಶುರುವಾಯಿತು. ಎರಡನೇ ಬಸ್ಸೂ ಬಂತು, ಹೋಯಿತು.

ಅಮ್ಮ ಕೈಚೀಲವನ್ನು ಪಕ್ಕಕ್ಕಿಟ್ಟು ಆರಾಮಾಗಿ ಹಿಂದಕ್ಕೊರಗಿದಳು.

“ನಿಧಾನ,” ಎಂದಳು. “ಬಸ್ಸು ರಾತ್ರಿ ತನಕ ಇದೆ.”