ಎಡೆಗೊಂದು ಬಾಟಲಿ ವೈನು

ಮಾರ್ನೋಮಿ ಅಮಾವಾಸ್ಯೆ ಹತ್ತಿರವಾಗಿತ್ತು. ನಾನೂ ಚಿಕ್ಕಮ್ಮನೂ ಹೊಳಲ್ಕೆರೆಯಲ್ಲಿ ಚಿತ್ರದುರ್ಗದ ಬೆಳಗಿನ ಬಸ್ಸು ಹತ್ತಿದೆವು. ಚಿಕ್ಕಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಪೂಜೆ. ಹೋದವರು ಆಸೆಪಟ್ಟದ್ದನ್ನು ಎಡೆಗಿಡುವುದು ನಮ್ಮ ವಾಡಿಕೆ. ಚಿಕ್ಕಮ್ಮ ಇಡಬೇಕೆಂದು ಹಟ ಹಿಡಿದದ್ದು ವೈನನ್ನು. ನಮ್ಮದೋ ಹೆಂಡದ ವಾಸನೆಗೂ ಮೂಗು ಮುಚ್ಚುವ ಮನೆ.

ಚಿಕ್ಕಪ್ಪನೂ ಕುಡಿದವರಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ, ಪುಸ್ತಕ ನೋಡಿ ತಾವೇ ಗ್ರೀಕ್ ಕಲಿತವರು. ಅವರಿಗಿದ್ದದ್ದು ವೈನ್ ಎಂಬ ಪದದ ಹುಚ್ಚು. ಹಳೆಯ ಗ್ರೀಕರಲ್ಲಿ ವೊಯ್ನೊಸ್, ಮುಂದೆ ‘ವ’ ಸವೆದು ಒಯ್ನೊಸ್. ರೋಮಿನವರಲ್ಲಿ ವೀನುಮ್, ಅದರಿಂದ ಇಂಗ್ಲಿಷರಿಗೆ ವೈನ್. ಈಗಿನ ಗ್ರೀಕರು ದಿನದ ಮಾತಿನಲ್ಲಿ ಅದನ್ನು ಬಿಟ್ಟು ‘ಕ್ರಾಸಿ’ ಎನ್ನುತ್ತಾರಂತೆ. ಊಟಕ್ಕೆ ಕೂತಾಗಲೆಲ್ಲ ಇದೇ ಮಾತು.

“ಅದರ ರುಚಿ ಹೆಂಗಿರುತ್ತೋ ಅಂತ ಒಂದ್ಸಲ ಅಂದಿದ್ರಪ್ಪ. ನಾನು ಬೈದುಬಿಟ್ಟೆ,” ಎಂದರು ಚಿಕ್ಕಮ್ಮ, ಕಿಟಕಿಯ ಕಡೆ ಮುಖ ಮಾಡಿಕೊಂಡು.

ದುರ್ಗದಲ್ಲಿ ಕಂಡ ಅಂಗಡಿಗಳಿಗೆಲ್ಲ ‘ವೈನ್ಸ್’ ಎಂಬ ಬೋರ್ಡು. ಒಳಗೆ ಕೇಳಿದರೆ ವೈನಿಲ್ಲ.

“ಬೋರ್ಡಿಗೆ ಹಂಗೇ ಬರ್ಸೋದು ಸಾರ್. ಬ್ರಾಂದಿ ಐತೆ, ವಿಸ್ಕಿ ಐತೆ. ವೈನ್ ಯಾರ್ ಕೇಳ್ತಾರೆ?”

ಐಮಂಗಲ ದಾಟಿ, ದುರ್ಗದಿಂದ ನಲವತ್ತು ಕಿಲೋಮೀಟರ್ ದೂರದ ಹಿರಿಯೂರಿಗೆ ಬಂದರೂ ಅದೇ ಉತ್ತರ. ಸುಡು ಬಿಸಿಲು. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಚಿಕ್ಕಮ್ಮ ಅರ್ಧಕ್ಕೇ ಬಿಟ್ಟರು. ವಾಪಸು ಹೋಗೋಣವೇ ಎಂದೆ. “ಹೊಸದುರ್ಗ ಒಂದು ನೋಡಾಣ,” ಎಂದರು.

ಹೊಸದುರ್ಗದ ಅಂಗಡಿಯವನು ಮೊದಲು ಇಲ್ಲವೆಂದೇ ತಲೆಯಾಡಿಸಿದ. ಹೊರಗೆ ಸೆರಗು ಹೊದ್ದು ನಿಂತಿದ್ದ ಚಿಕ್ಕಮ್ಮನನ್ನು ತೋರಿಸಿ ವಿಷಯ ಹೇಳಿದೆ. ಅವನು ಒಳಕ್ಕೆ ಹೋಗಿ, ಧೂಳು ಹಿಡಿದ ಬಾಟಲಿಯೊಂದನ್ನು ತಂದು, ಒರೆಸಿ, ಪೇಪರಿನಲ್ಲಿ ಸುತ್ತಿ, ತಾನೇ ಹೊರಗೆ ಬಂದು ಅವರ ಕೈಗಿತ್ತ.

“ತಗಳ್ರಿ ಅಮ್ಮ. ಹಿರೇರಿಗೆ ಅಂದ ಮೇಲೆ ಇಲ್ಲ ಅನ್ನಬಾರ್ದು.”

ಹೊಳಲ್ಕೆರೆಯವರೆಗೂ ಚಿಕ್ಕಮ್ಮ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಅಮಾವಾಸ್ಯೆಯ ದಿನ ಫೋಟೋದ ಮುಂದೆ ಹೋಳಿಗೆ, ಅನ್ನದ ಜೊತೆ ಒಂದು ಲೋಟ ವೈನು ಇಟ್ಟೆವು. ಬಂದ ನೆಂಟರು ಮುಖ ಮುಖ ನೋಡಿಕೊಂಡರು. ಎಡೆಗಿಟ್ಟದ್ದನ್ನು ಚೆಲ್ಲುವಂತಿಲ್ಲ, ಮನೆಯವರೇ ಮುಗಿಸಬೇಕು. ಲೋಟಕ್ಕೆ ಯಾರೂ ಕೈ ಹಾಕದಿದ್ದಾಗ ಚಿಕ್ಕಮ್ಮನೇ ಎತ್ತಿಕೊಂಡು ಒಂದು ಗುಟುಕು ಕುಡಿದರು. ಮುಖ ಕಿವುಚಿಕೊಂಡರು. ಆಮೇಲೆ ಕಣ್ಣು ತುಂಬಿತು.

“ಬರೀ ಹುಳಿ, ಒಗರು,” ಎಂದರು ಫೋಟೋ ನೋಡುತ್ತ. “ನಿಮ್ಮ ಬಾಯಲ್ಲಿ ಆ ಪದಾನೇ ಚೆನ್ನಾಗಿತ್ತು.”

ಲೋಟ ಕೆಳಗಿಡಲಿಲ್ಲ. ಪೂರ್ತಿ ಕುಡಿದರು.