ಕುಂಟ ಟ್ರ್ಯಾಕ್ಟರಿಗೆ ಡೀಸೆಲ್

ನಾಲ್ಕೂವರೆ ವರ್ಷದವರ ಜೊತೆ ವಾದಕ್ಕೆ ಕೂರಬಾರದು. ಅವರಿಗೆ ವಾದ ಬರುವುದಿಲ್ಲವೆಂದಲ್ಲ. ನಿಮ್ಮ ಮೊದಲ ವಾಕ್ಯವನ್ನೇ ಅವರು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದದ್ದೆಲ್ಲ ಒಂದೇ ಉಪಾಯದಿಂದ: ಎದುರಾಳಿ ಒಪ್ಪಿಕೊಂಡ ಮಾತಿನಿಂದಲೇ ಅವನ ಕೈ ಕಟ್ಟುವುದು. ಅಣ್ಣನ ಮಗಳು ಪಾರು ಕೈ ಕೊಡುವುದೇ ಇಲ್ಲ. ಪಾಟಿಯ ಮೇಲೆ ಇಂಗ್ಲಿಷ್ ಅಂಕಿ 2 ಬರೆದು "ಇದು ಎರಡು" ಎಂದರೆ, "ಅಲ್ಲತ್ತಿ, ಬೆಳ್ಳಕ್ಕಿ. ಗದ್ದ್ಯಾಗ ನಿಂತೈತಿ" ಎನ್ನುತ್ತಾಳೆ. ತಿರುಗಿ ನೋಡಿದೆ. ಹೌದು, ನಿಂತಿತ್ತು.

ಈ ವಾದಕ್ಕೆ ನಾನಾಗಿ ಕೂತವಳಲ್ಲ. ಗಂಗಾವತಿಯ ಇಂಗ್ಲಿಷ್ ಶಾಲೆಯೊಂದರಲ್ಲಿ ಎಲ್‌ಕೆಜಿಗೆ ಒಂದೆರಡು ಸೀಟು ಉಳಿದಿವೆ, ಸೋಮವಾರ ಮಗುವನ್ನು ಕರೆತಂದರೆ ನೋಡುತ್ತೇವೆ ಎಂದು ಹೇಳಿದ್ದರು. ನೋಡುವುದೆಂದರೆ ಸಂದರ್ಶನ. ಹೆಣ್ಣು ನೋಡಲು ಬಂದಾಗಲೂ ಸಿದ್ದಾಪುರದ ನಮ್ಮ ಮನೆಯಲ್ಲಿ ಅಷ್ಟು ಗಾಬರಿ ಇರಲಿಲ್ಲ. ನೋಡಿಸಿಕೊಂಡವಳು ನಾನೇ ಆದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ. ಅತ್ತಿಗೆ ನನ್ನ ಮುಂದೆ ಪಾಟಿ, ಬಳಪ, ಮಗಳು ಮೂರನ್ನೂ ತಂದಿಟ್ಟರು.

"ನಿನ್ನ ಮಾತಿಗಿ ಕಪ್ ಕೊಟ್ಟಾರ. ಅದರಾಗ ಒಂದೀಟು ಈಕಿಗಿ ಕೊಡವಾ. ಅಂಗನವಾಡ್ಯಾಗ ಏನ್ ಕಲ್ತಿ ಅಂದ್ರ ಆಡೀನಿ ಅಂತಾಳ. ದಿನಾ ಕೇಳು, ದಿನಾ ಆಡೀನಿ!"

ಅತ್ತಿಗೆಯದು ಬರೀ ಹುರುಪಲ್ಲ. ಏಳನೆಯ ತರಗತಿ ಮುಗಿದ ಬೇಸಿಗೆಯಲ್ಲೇ ಅವರ ಶಾಲೆ ಮುಗಿಯಿತು. ಮಳೆಗಾಲಕ್ಕೆ ಅವರು ಭತ್ತದ ಸಸಿ ಹಚ್ಚುವ ಆಳುಗಳ ಸಾಲಿನಲ್ಲಿದ್ದರು. ಇಂದಿಗೂ ಬ್ಯಾಂಕಿನಲ್ಲಿ ಇಂಗ್ಲಿಷ್ ಚೀಟಿ ಕೈಗೆ ಬಂದರೆ ಪಕ್ಕದವರ ಮುಖ ನೋಡುತ್ತಾರೆ. "ನನ್ನ ಮಗಳು ಯಾರ ಮಾರಿನೂ ನೋಡಬಾರ್ದು" ಎಂಬುದು ಅವರ ವಾದ. ಅದಕ್ಕೆ ಪ್ರತಿವಾದ ನನ್ನಲ್ಲಿ ಇರಲಿಲ್ಲ. ಈಗಲೂ ಇಲ್ಲ.

ಹಾಗಾಗಿ ನಾನು ಅತ್ತಿಗೆಯ ಪಕ್ಷ. ಆಡುತ್ತ ಕಲಿಯುವುದು ಎಂಬ ಮಾತೇ ನನಗೆ ಈಜುತ್ತ ರೊಟ್ಟಿ ಬಡಿಯುವುದು ಎಂದಂತೆ ಕೇಳಿಸುತ್ತಿತ್ತು. ಆಡಿದರೆ ಕಲಿಯಲಿಲ್ಲ, ಕಲಿತರೆ ಆಡಲಿಲ್ಲ. ಎರಡರಲ್ಲಿ ಒಂದನ್ನು ಹೇಳಿ, ಕುಳಿತುಕೊಳ್ಳಿ. ನನ್ನ ಶಿಷ್ಯೆ ಕುಳಿತುಕೊಳ್ಳಲೇ ಇಲ್ಲ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮುಂಗಾರಿನ ಮೊದಲ ಹಸಿ ಬಿದ್ದ ಹೊತ್ತಿಗೆ ಎರೆಮಣ್ಣು ಕಲಸಿ, ಜೋಡಿ ಎತ್ತು ಮಾಡಿ, ಪೂಜೆ ಮಾಡಿ, ಹೋಳಿಗೆ ಎಡೆ ಹಿಡಿಯುವ ಹಬ್ಬ. ಆದರೆ ನಮ್ಮ ಓಣಿಯಲ್ಲಿ ಮಣ್ಣೆತ್ತಿಗೆ ಮಾದರಿಯಾಗಿ ನಿಲ್ಲಲು ನಿಜದ ಎತ್ತೊಂದೂ ಈಗ ಉಳಿದಿಲ್ಲ. ಕಾಲುವೆ ನೀರಿನ ಗದ್ದೆಯನ್ನು ಟ್ರ್ಯಾಕ್ಟರೇ ಕಲಸುತ್ತದೆ. ನಮ್ಮವ್ವ ನೆನಪಿನಿಂದಲೇ ಎತ್ತು ಮಾಡಿದಳು: ಬೆನ್ನ ಮೇಲೆ ಉಬ್ಬಿದ ಇಣಿ, ಕೋಡು, ಕಣ್ಣಿಗೆ ಎರಡೆರಡು ಕುಸುಬಿ ಕಾಳು. ಮೊಮ್ಮಗಳ ಕೈಗೂ ಒಂದು ಮುದ್ದೆ ಮಣ್ಣು ಕೊಟ್ಟಳು. ಸ್ವಲ್ಪ ಹೊತ್ತಿಗೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು.

"ಇದೇನವಾ? ಕೋಡ ಇಲ್ಲ!"

"ಎತ್ತಲ್ಲಜ್ಜಿ. ಟ್ರ್ಯಾಕ್ಟರ್."

"ಎತ್ತಿನ ಹಬ್ಬದಾಗ ಟ್ರ್ಯಾಕ್ಟರಿಗೇನ್ ಕೆಲಸ?"

"ಹೊಲದಾಗ ಯಾರು ದುಡೀತಾರ?"

ಅವ್ವ ನನ್ನ ಕಡೆ ನೋಡಿದಳು. ನಾನು ತೀರ್ಪುಗಾರರಂತೆ ಆಕಾಶ ನೋಡಿದೆ.

"ಅದಕ್ಕ ಜೀವ ಇಲ್ಲಲೇ ಹುಚ್ಚಿ."

"ಐತಿ. ಕುಡಿತೈತಿ. ಒದರ್ತೈತಿ. ಹೊಗಿ ಬಿಡ್ತೈತಿ."

ಇಷ್ಟು ಹೇಳಿ, ವಾದ ಮುಗಿಯಿತೆಂಬಂತೆ ಎದ್ದು ಓಡಿದಳು. ಎದುರು ಮನೆಯ ಹನುಮಪ್ಪ ಕಾಕಾನ ಟ್ರ್ಯಾಕ್ಟರ್ ಬೇವಿನ ಗಿಡದ ಕೆಳಗೆ ನಿಂತಿತ್ತು. ಹಿಂದಿನ ಗಾಲಿಗೆ ಬೆನ್ನು ಕೊಟ್ಟು ನಿಂತು, ನೆತ್ತಿಯ ಮೇಲೆ ಅಂಗೈ ಇಟ್ಟು ಅಳೆದಳು: ಗಾಲಿ ಅವಳಿಗಿಂತ ಎತ್ತರ. ಮುಂದಿನ ಗಾಲಿಯ ಬಳಿ ನಿಂತಳು: ಎದೆಮಟ್ಟ. ಓಡಿ ಬಂದು ಮಾಡಿದ್ದನ್ನು ಕೆಡಿಸಿ, ಹಿಂದಿನ ಗಾಲಿ ದೊಡ್ಡದಾಗಿ, ಮುಂದಿನದು ಸಣ್ಣದಾಗಿ ಮತ್ತೆ ಮಾಡಿದಳು. ಕಸಬರಿಗೆ ಕಡ್ಡಿ ಮುರಿದು ಅಚ್ಚು ತೂರಿಸಿದಳು. ಗಾಲಿ ಸೀಳಿತು. ಅಳಲಿಲ್ಲ. ನೀರು ಹಚ್ಚಿ ತಿದ್ದಿದಳು. ಮತ್ತೆ ಸೀಳಿತು. ಗಾಲಿಯನ್ನೇ ದಪ್ಪ ಮಾಡಿದಳು. ನನ್ನ ಬಳಿ ಪಾಟಿ ಹಿಡಿದು ಅರೆಗಳಿಗೆ ಕೂರದವಳು ಅಲ್ಲಿ, ನಾಲಿಗೆ ತುದಿ ಹೊರಗಿಟ್ಟುಕೊಂಡು, ಲೋಕವನ್ನೇ ಮರೆತು ಕೂತಿದ್ದಳು.

ಅವ್ವ ಎತ್ತುಗಳನ್ನು ಜಗುಲಿಯ ಮೇಲಿಟ್ಟು ಊದಿನಕಡ್ಡಿ ಹಚ್ಚಿದಳು. ಪಾರು ಮೆಲ್ಲಗೆ ಹೋಗಿ ಒಂದು ಕಡ್ಡಿ ಕಿತ್ತು ತಂದು, ತನ್ನ ಟ್ರ್ಯಾಕ್ಟರಿನ ಮೂತಿಯ ಮೇಲೆ ನೆಟ್ಟಗೆ ಚುಚ್ಚಿದಳು. ಹೊಗೆ ಎಳೆಯಾಗಿ ಮೇಲೆದ್ದಿತು.

"ಸ್ಟಾರ್ಟ್ ಆತು" ಎಂದಳು.

ನಮ್ಮ ತರ್ಕಶಾಸ್ತ್ರದಲ್ಲಿ ಒಂದು ಹಳೆಯ ಉದಾಹರಣೆಯಿದೆ: ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆಯಿದೆ, ಅಡುಗೆಮನೆಯಲ್ಲಿ ಇರುವಂತೆ. ಸ್ಪರ್ಧೆಗೆಂದು ಅದನ್ನು ಬಾಯಿಪಾಠ ಮಾಡಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಆ ಬೆಟ್ಟವನ್ನೂ ನೋಡಿರಲಿಲ್ಲ, ಆ ಹೊಗೆಯನ್ನೂ ನೋಡಿರಲಿಲ್ಲ. ಇಲ್ಲಿ ಈ ಕೂಸು ಹೊಗೆಯನ್ನು ತಂದು ನೆಟ್ಟು, ಇಲ್ಲದ ಬೆಂಕಿಯನ್ನು ಮಣ್ಣಿನೊಳಗೆ ಹುಟ್ಟಿಸಿಬಿಟ್ಟಿದ್ದಳು. ಆದರೂ ಅನುಮಾನ ನನ್ನ ಕಸುಬು. ಆಕಸ್ಮಿಕ ಇರಬಹುದು ಎಂದುಕೊಂಡು ಊದಿನಕಡ್ಡಿಯನ್ನು ಕಿತ್ತು, "ಈಗ?" ಎಂದೆ.

"ಬಂದ್ ಆತು. ನೀ ಕೀಲಿ ತಗದಿ."

ಮರುದಿನ ಕುಂಟೆತ್ತಿನ ಸರದಿ. ಒಂದು ಮಣ್ಣೆತ್ತಿನ ಕಾಲು ಮುರಿದು, ಅದನ್ನು ತಾಟಿನಲ್ಲಿಟ್ಟುಕೊಂಡು ಮಕ್ಕಳು ಮನೆಮನೆಗೆ ಹೋಗಿ, ಕುಂಟೆತ್ತಿಗೆ ಮೇವೆಂದು ಜೋಳ ಬೇಡುವುದು ನಮ್ಮ ಕಡೆಯ ರೂಢಿ. ಓಣಿಯ ಮಕ್ಕಳು ಟ್ರ್ಯಾಕ್ಟರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. "ಟ್ರ್ಯಾಕ್ಟರ್ ಎಲ್ಲೆರ ಕುಂಟತೈತೇನಲೇ?" ಎಂದು ನಕ್ಕರು. ಪಾರು ಒಂದು ಗಾಲಿ ಕಳಚಿದಳು. "ಪಂಚರ್." ಅಷ್ಟೇ. ನಗು ನಿಂತಿತು. ಮುಂದಿನ ಮನೆಯ ಹೊತ್ತಿಗೆ ಕೂಗೇ ಬದಲಾಗಿತ್ತು: "ಕುಂಟ ಟ್ರ್ಯಾಕ್ಟರ್ ಬಂದೈತ್ರೀ! ಡೀಸೆಲ್ ನೀಡ್ರೀ!"

ತಾಟು ಹೊರಲು ಪಾಳಿ. ಒಬ್ಬರಿಗೆ ಒಂದು ಮನೆ. ಒಬ್ಬ ಪೋರ ಎರಡನೆಯ ಮನೆಗೂ ತಾಟು ಬಿಡದಿದ್ದಾಗ ಎದ್ದ ಗಲಾಟೆಯನ್ನು ನೋಡಬೇಕಿತ್ತು. ಕಾಲುವೆಯ ಕೊನೆಯಲ್ಲಿ ನೀರಿನ ಪಾಳಿಗೆ ನಮ್ಮ ರೈತರು ಮಾಡುವ ಜಗಳವೂ ಅಷ್ಟು ನ್ಯಾಯಬದ್ಧವಾಗಿರುವುದಿಲ್ಲ. ನೀನು ಹೇಳು, ನಾನು ಕೇಳುತ್ತೇನೆ. ನಾನು ಹೇಳುತ್ತೇನೆ, ನೀನು ಕೇಳು. ಚರ್ಚೆಯ ಈ ಮೊದಲ ನಿಯಮವನ್ನು ನಾನು ಪದವಿ ತರಗತಿಯಲ್ಲಿ ಕಲಿತೆನೆಂದು ನಂಬಿದ್ದೆ.

ಹನುಮಪ್ಪ ಕಾಕಾ ಖಾಲಿ ಬಾಟಲಿ ಬಗ್ಗಿಸಿ, "ಸಾಕೇನ್ರವಾ?" ಎಂದ. "ಟಾಕಿ ತುಂಬ ಹಾಕು ಕಾಕಾ, ನಾಟಿ ಐತಿ!" ಎಂದರು. ನಮ್ಮ ಮನೆಗೆ ಬಂದಾಗ ಅತ್ತಿಗೆ ಒಂದು ಹಿಡಿ ಜೋಳ ಹಾಕಿದರು.

"ಇದನ್ನ ಕುಡ್ಯಂಗಿಲ್ಲವ್ವಾ ಅದು. ಡೀಸೆಲ್ ಹಾಕು."

"ಡೀಸೆಲ್ ಇಲ್ಲ, ಏನಿಲ್ಲ. ಸೋಮವಾರ ಸಾಲ್ಯಾಗ ಹಿಂಗ ಅಂದ್ರ ಆತು ನಮ್ ಕತಿ. ಒಳಗ ನಡಿ, ಬರಿ ಕುಂತು."

ಸೋಮವಾರ ಬಂತು. ಗಂಗಾವತಿಯ ಶಾಲೆಯಲ್ಲಿ ಸಂದರ್ಶನದ ಕೋಣೆಯ ಹೊರಗೆ ತಾಯಂದಿರ ಸಾಲು. ಅತ್ತಿಗೆ ಮದುವೆಯ ಸೀರೆ ಉಟ್ಟಿದ್ದರು. ಒಳಗಿದ್ದ ಮೇಡಂ ಒಳ್ಳೆಯವರೇ, ಬೆಳಗಿನಿಂದ ದಣಿದಿದ್ದರು. ಹೆಸರು ಕೇಳಿದರು, ಪಾರು ಹೇಳಿದಳು. ಬಣ್ಣ ತೋರಿಸಿದರು, ಹೇಳಿದಳು. ನನ್ನ ಎದೆ ಉಬ್ಬುತ್ತಿತ್ತು. ಚಿತ್ರದ ಹಸುವನ್ನು ತೋರಿಸುವಷ್ಟರಲ್ಲಿ ಪಾರು ಕೈ ಎತ್ತಿದಳು.

"ಈಗ ನನ್ನ ಪಾಳಿ. ಟ್ರ್ಯಾಕ್ಟರಿಂದು ಹಿಂದಿನ ಗಾಲಿ ಯಾಕ ದೊಡ್ಡವಿರ್ತಾವ?"

ಮೇಡಂ ನಮ್ಮ ಮುಖ ನೋಡಿದರು. ಅತ್ತಿಗೆ ನೆಲ ನೋಡಿದರು. "ಮೊದಲು ಇದನ್ನ ಹೇಳು ಪುಟ್ಟಾ, ವಾಟ್ ಈಸ್ ದಿಸ್?" ಪಾರು ಕಾದಳು. ಪಾಳಿ ಅವಳದು, ಉತ್ತರ ಬಾರದೆ ಆಟ ಮುಂದೆ ಹೋಗುವುದು ಹೇಗೆ? ತುಟಿ ಬಿಗಿದು ಕೂತವಳು ಮತ್ತೆ ಬಾಯಿ ಬಿಡಲಿಲ್ಲ.

"ಬೇಜಾರ್ ಮಾಡ್ಕೋಬ್ಯಾಡ್ರಿ" ಎಂದರು ಮೇಡಂ, ಮೆತ್ತಗೆ. "ಇನ್ನೂ ತಯಾರಾಗಿಲ್ಲ. ಮುಂದಿನ ವರ್ಷ ಕರ್ಕೊಂಡ್ ಬರ್ರಿ."

ಕಪ್ ಗೆದ್ದ ನನ್ನ ಮಾತು ಆಗ ಎಲ್ಲಿಗೆ ಹೋಗಿತ್ತೋ. ಬಸ್ಸು ಹತ್ತಿದ ಮೇಲೆ ಒಂದೊಂದೇ ವಾದ ಹೊಳೆಯತೊಡಗಿತು. ಎಲ್ಲವೂ ಅದ್ಭುತವಾಗಿದ್ದವು, ಕೇಳುವವರಿರಲಿಲ್ಲ. ಅತ್ತಿಗೆ ಕಿಟಕಿಯಾಚೆ ಗದ್ದೆ ನೋಡುತ್ತ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಪಾರು ಅವರ ತೊಡೆಯ ಮೇಲೆ ಕೂತು, ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಯವ್ವಾ, ಆ ಟೀಚರಿಗೆ ಪಾಳಿ ಆಡಾಕ ಬರಂಗಿಲ್ಲ. ಇನ್ನೂ ತಯಾರಾಗಿಲ್ಲಕಿ. ಅಳಬ್ಯಾಡ. ಮುಂದಿನ ವರ್ಷ ಹೋಗೂಣು, ಅಷ್ಟೊತ್ತಿಗೆ ಕಲ್ತಿರ್ತಾಳ."

ಅವಳ ದನಿಯಲ್ಲಿ ಕೊಂಕಿರಲಿಲ್ಲ, ಕರುಣೆಯಿತ್ತು. ಮೇಡಂ ನಮಗೆ ಹೇಳಿದಾಗ ಇದ್ದಂಥದೇ. ಅತ್ತಿಗೆ ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ತಡೆಯಲಾಗದೆ ನಕ್ಕರು, ಕಂಡಕ್ಟರ್ ತಿರುಗಿ ನೋಡುವಷ್ಟು.

ಅತ್ತಿಗೆಯ ವಾದ ಸೋತಿಲ್ಲ ಎಂಬುದನ್ನು ನಾನು ಇಲ್ಲಿ ದಾಖಲಿಸಬೇಕು. ಮುಂದಿನ ವರ್ಷ ನಾವು ಮತ್ತೆ ಅದೇ ಕೋಣೆಯ ಹೊರಗೆ ನಿಲ್ಲುತ್ತೇವೆ. ಆದರೆ ಮೇಡಂ ಮುಖವನ್ನು ನೇರ ನೋಡಿ ಪ್ರಶ್ನೆ ಕೇಳಿದವಳು, ಇನ್ನು ಯಾರ ಮುಖ ನೋಡುತ್ತ ನಿಂತಾಳು ಎಂಬ ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ. ಅನುಮಾನವೂ ಇಷ್ಟು ಹಿತವಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಮನೆ ಮುಟ್ಟಿದಾಗ ಜಗುಲಿಯ ಮೇಲೆ ಕುಂಟ ಟ್ರ್ಯಾಕ್ಟರ್ ಒಣಗಿ ನಿಂತಿತ್ತು. ಅತ್ತಿಗೆ ಸೀರೆಯನ್ನೂ ಬದಲಿಸದೆ ಒಳಗೆ ಹೋಗಿ, ಖಾಲಿ ತಂಬಿಗೆ ತಂದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಎಷ್ಟು ಹಾಕ್ಲೆವಾ?"

"ಟಾಕಿ ತುಂಬ."

ಅತ್ತಿಗೆ ತಂಬಿಗೆ ಬಗ್ಗಿಸಿದರು. ನಿಧಾನವಾಗಿ, ಒಂದು ಹನಿಯೂ ಚೆಲ್ಲದ ಹಾಗೆ. ನಾನು ಅವರ ಹಿಂದೆ ನಿಂತು ನನ್ನ ಪಾಳಿಗೆ ಕಾದೆ.