ವಾಪಸ್ ಬಂದ ಕಿವಿ ಮಷೀನು

ಠಾಣೆ ಶಹರದ ಕ್ಲಿನಿಕ್ಕೊಂದರಲ್ಲಿ ಕಿವಿ ಮಷೀನು ಕೂರಿಸುವ ಕೆಲಸ ನನ್ನದು. ಮಷೀನು ಸರಿಯಿಲ್ಲ ಎಂದು ಯಾರಾದರೂ ಬಂದರೆ ಮೊದಲು ನನಗೆ ಸಿಟ್ಟೇ ಬರುತ್ತದೆ.

ಆ ದಿನ ಬಂದವರು ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಲೋಡಿಂಗ್ ಕೆಲಸ ಮಾಡುವ ಕಲಬುರಗಿಯವರೊಬ್ಬರು. ಜೊತೆಗೆ ಹದಿಮೂರರ ಮಗಳು. ಅವಳಿಗೆ ತಿಂಗಳ ಹಿಂದಷ್ಟೇ ನಾನೇ ಮಷೀನು ಹಾಕಿ ಕಳಿಸಿದ್ದೆ.

"ಖರಾಬ್ ಆಗ್ಯಾದ್ರಿ ಸಾಹೇಬ್ರ. ಸಾಲಿಗಿ ಹೋಗಾಗ ತಗದು ಇಡ್ತಾಳ," ಎಂದರು ಅಪ್ಪ.

ಪರೀಕ್ಷಿಸಿದೆ. ಏನೂ ಕೆಟ್ಟಿರಲಿಲ್ಲ. ಬೆನ್ನ ಹಿಂದೆ ನಿಂತು ಮೆಲ್ಲಗೆ ಆಡಿದ ಮಾತನ್ನೂ ಹುಡುಗಿ ತಪ್ಪಿಲ್ಲದೆ ತಿರುಗಿ ಹೇಳಿದಳು.

"ಇಷ್ಟು ಚೆನ್ನಾಗಿ ಕೇಳಿಸುತ್ತಲ್ಲ, ಮತ್ತೇನು ಧಾಡಿ ನಿನಗೆ?" ಎಂದು ಗದರಿದೆ.

"ಕೇಳಸ್ತದ್ರಿ. ಅದಕ್ಕೇ ಬ್ಯಾಡ," ಎಂದಳು. "ಮೊದ್ಲು ಕ್ಲಾಸಿನ್ಯಾಗ ಎಲ್ಲಾರೂ ನನ್ನ ನೋಡಿ ನಗ್ತಿದ್ರು. ಏನೋ ತಮಾಷಿ ಅಂತ ನಾನೂ ಕೂಡಿ ನಗ್ತಿದ್ದೆ. ಈಗ ಏನಂತಾರ ಅಂತ ಗೊತ್ತಾಗ್ಯಾದ. 'ಬಹಿರಿ' ಅಂತಾರ್ರಿ. ಕಿವುಡಿ ಅಂತ."

ಅಪ್ಪ ತಲೆ ತಗ್ಗಿಸಿದರು. ಅವರೂ ಇದನ್ನು ಕೇಳಿದ್ದು ಆಗಲೇ.

ಏನಾದರೂ ಹೇಳಬೇಕಲ್ಲ, "ಸೌಂಡ್ ಸ್ವಲ್ಪ ಕಮ್ಮಿ ಮಾಡಿಕೊಡಲಾ?" ಎಂದೆ.

"ಟೀಚರ್ದು ಬಿಟ್ಟು ಅವರ್ದಷ್ಟೇ ಕಮ್ಮಿ ಆಗ್ತದೇನ್ರಿ?"

ಅವಳು ಮಷೀನು ತೆಗೆದು, ಡಬ್ಬಿಯೊಳಗಿಟ್ಟು, ನನ್ನ ಟೇಬಲ್ಲಿನತ್ತ ಸರಿಸಿದಳು.

ಅವರದಷ್ಟೇ ಕಮ್ಮಿ ಮಾಡಲು ಆಗುವುದಿಲ್ಲ. ಫ್ಯಾನು, ಲೋಕಲ್ ಟ್ರೇನು, ರಸ್ತೆಯ ಹಾರ್ನು ಎಲ್ಲವನ್ನೂ ನಮ್ಮ ಮಷೀನು ಗದ್ದಲವೆಂದು ಗುರುತಿಸಿ ತಗ್ಗಿಸುತ್ತದೆ. ಮನುಷ್ಯರ ಬಾಯಿಂದ ಬಂದದ್ದನ್ನು ಮಾತ್ರ ಮಾತೆಂದು ನಂಬಿ, ಇನ್ನಷ್ಟು ಸ್ಪಷ್ಟ ಮಾಡಿಕೊಡುತ್ತದೆ. ಪಾಪ, ಪೆದ್ದು ಮಷೀನು.